ಉಡಿಯೊಳಗಿನ ಕಾರ್ಡು

ನಮ್ಮ ಹಾನಗಲ್ಲಿನಲ್ಲಿ ಕಾರ್ಡು ಎಂದರೆ ಮೊದಲು ರೇಷನ್ ಕಾರ್ಡು, ಆಮೇಲೆ ಆಧಾರ್ ಕಾರ್ಡು, ಅದಾದ ಮೇಲೆ ಲಗ್ನದ ಕಾರ್ಡು. ಕ್ಯಾಮೆರಾದ ಮೆಮೊರಿ ಕಾರ್ಡಿಗೆ ಈ ಪಂಕ್ತಿಯಲ್ಲಿ ಎಲೆ ಹಾಕುವವರೇ ಇಲ್ಲ. ಹದಿನಾಲ್ಕು ವರ್ಷದಿಂದ ಇಲ್ಲಿ ಸ್ಟುಡಿಯೋ ನಡೆಸುತ್ತಿದ್ದೇನೆ. ಹೆಂಗಸರ ಕಾರ್ಯಕ್ಕೆ ಹೆಂಗಸೇ ಫೋಟೋ ತೆಗೆಯಲಿ ಎನ್ನುವ ಮನೆಗಳು ನನ್ನನ್ನು ಹುಡುಕಿಕೊಂಡು ಬರುತ್ತವೆ. ಹಿರೇಕೆರೂರಿನ ಕುಬಸ, ಸವಣೂರಿನ ತೊಟ್ಟಿಲು, ಶಿಗ್ಗಾಂವಿಯ ಅರಿಶಿಣ, ಎಲ್ಲವನ್ನೂ ಅಂಚೆ ಚೀಟಿಯಷ್ಟು ಪ್ಲಾಸ್ಟಿಕ್ ತುಂಡಿನಲ್ಲಿ ತುಂಬಿಕೊಂಡು ಬಸ್ಸಿನಲ್ಲಿ ತಿರುಗುವವಳು ನಾನು. ಗಿರಾಕಿಗಳು ಅಳೆಯುವುದು ಮಾತ್ರ ಲೆನ್ಸಿನ ಉದ್ದವನ್ನು. ಯಾವ ಕಾರ್ಡು ಹಾಕಿದ್ದೀರಿ ಎಂದು ಇದುವರೆಗೆ ಕೇಳಿದವರು ಒಬ್ಬರೇ ಒಬ್ಬರು ಅಜ್ಜಿ. ಅವರೂ ಕೇಳಿದ್ದು, ಅದನ್ನು ತೋರಿಸಿದರೆ ಬಸ್ಸಿನಲ್ಲಿ ಪುಕ್ಕಟೆ ಬಿಡುತ್ತಾರೇನು ಎಂದು ತಿಳಿಯಲಿಕ್ಕೆ.

ವೇಗದ ಕಾರ್ಡು ಕೊಳ್ಳುವುದೆಂದರೆ ಮಗಳಿಗೆ ವರ ಹುಡುಕಿದ ಹಾಗೆ. ಎದುರಿಗೆ ಹೇಳುವುದೇ ಒಂದು, ಮನೆಗೆ ಬಂದ ಮೇಲೆ ಕಾಣುವುದೇ ಇನ್ನೊಂದು. ಕಾರ್ಡಿನ ಮುಖದ ಮೇಲೆ ದಪ್ಪ ಅಕ್ಷರದಲ್ಲಿ ಹೊಡೆದಿರುವ ಅಂಕಿ ಓದುವ ವೇಗದ್ದು. ಎಲ್ಲ ಮುಗಿದು ಮನೆಗೆ ಬಂದು ಚಹಾ ಕುಡಿಯುತ್ತ ಫೋಟೋಗಳನ್ನು ಕಂಪ್ಯೂಟರಿಗೆ ಇಳಿಸುವಾಗ ಬರುವ ಉಪಯೋಗ ಅದು. ಬಟನ್ ಒತ್ತಿದಾಗ ಕ್ಯಾಮೆರಾಕ್ಕೆ ಬೇಕಾಗುವುದು ಬರೆಯುವ ವೇಗ. ಅದನ್ನು ಪೊಟ್ಟಣದ ಬೆನ್ನಿಗೆ ಇರುವೆ ಸಾಲಿನ ಹಾಗೆ ಮುದ್ರಿಸಿರುತ್ತಾರೆ, ಇಲ್ಲವೇ ಮರೆತಿರುತ್ತಾರೆ. ಮೂಲೆಯಲ್ಲಿ ಇಂಗ್ಲಿಷಿನ 'ವಿ' ಅಕ್ಷರ, ಅದರ ಪಕ್ಕ ಮೂವತ್ತೋ ಅರವತ್ತೋ ಇದ್ದರೆ ಅದನ್ನಷ್ಟು ನಂಬಬಹುದು. ಸೆಕೆಂಡಿಗೆ ಅಷ್ಟು ಎಂಬಿಗಿಂತ ಕಡಿಮೆ ಬರೆಯುವುದಿಲ್ಲ ಎಂಬ ಮಾತು ಅದು. ಇಷ್ಟು ತಿಳಿಯುವ ಮೊದಲು ನಾನು ಮೊಬೈಲಿನಲ್ಲಿ ನೋಡಿ ಒಂದು ಕಾರ್ಡು ತರಿಸಿಕೊಂಡಿದ್ದೆ. ಮೇಲೆ ನೂರಿಪ್ಪತ್ತೆಂಟು ಜಿಬಿ ಎಂದು ಬರೆದಿತ್ತು. ಒಳಗೆ ಎಂಟೇ ಇತ್ತು. ಎಂಟು ತುಂಬಿದ ಮೇಲೆ ಹೊಸ ಫೋಟೋ ಹಳೆಯದರ ಮೇಲೆಯೇ ಕೂರುತ್ತ ಹೋಯಿತು. ದೇವರು ದೊಡ್ಡವನು, ಅದು ನನ್ನ ಸ್ವಂತ ನಾದಿನಿಯ ಮನೆಯ ಗೃಹಪ್ರವೇಶವಾಗಿತ್ತು. ಆಕೆ ಹೇಗೂ ನನ್ನ ಜೊತೆ ಮಾತಾಡುತ್ತಿರಲಿಲ್ಲ, ಹಾಗಾಗಿ ಹೊಸ ನಷ್ಟವೇನೂ ಆಗಲಿಲ್ಲ.

ನನಗೆ ವೇಗದ ಹುಚ್ಚು ಹಿಡಿಸಿದವಳು ನಮ್ಮವ್ವ. ಅಕ್ಕಿಆಲೂರಿನಲ್ಲಿರುವ ಅವಳು ಜೀವಮಾನದಲ್ಲಿ ಕ್ಯಾಮೆರಾ ಮುಟ್ಟಿದವಳಲ್ಲ. ಅವಳ ಮೇಲಿನ ಎರಡು ಹಲ್ಲು ಉಬ್ಬು. ಮದುವೆಯಾಗಿ ಬಂದ ಹೊಸದರಲ್ಲಿ ಗಂಡನ ಕಡೆಯವರು ಯಾರೋ ಅವಳನ್ನು ಉಬ್ಬಲ್ಲಿ ಎಂದು ಕರೆದರಂತೆ. ಕರೆದವರು ತೀರಿಕೊಂಡು ಎಷ್ಟೋ ವರ್ಷವಾಯಿತು, ಅವ್ವ ಇನ್ನೂ ಅವರಿಗೆ ಹೆದರಿಕೊಂಡೇ ನಗುತ್ತಾಳೆ. ನಗು ಬರುವ ಮೊದಲೇ ಸೆರಗು ಬಾಯಿಗೆ ಬಂದಿರುತ್ತದೆ. ಅವಳ ಫೋಟೋ ನನ್ನ ಹತ್ತಿರ ನೂರಾರಿವೆ. ಎಲ್ಲದರಲ್ಲೂ ಪೊಲೀಸ್ ಠಾಣೆಯಲ್ಲಿ ಕೂರಿಸಿದವರ ಹಾಗೆ ತುಟಿ ಬಿಗಿದುಕೊಂಡಿದ್ದಾಳೆ. ಊರಿನವರಿಗೆಲ್ಲ 'ಸ್ವಲ್ಪ ನಗ್ರಿ' ಎಂದು ಹೇಳಿ ಹೊಟ್ಟೆ ಹೊರೆಯುವ ನನ್ನ ಹತ್ತಿರ ಹೆತ್ತವ್ವ ನಕ್ಕ ಒಂದು ಫೋಟೋ ಇರಲಿಲ್ಲ. ಇದಕ್ಕಿಂತ ನಾಚಿಕೆಗೇಡು ಇನ್ನೇನಿದೆ? ಆ ಉಬ್ಬು ಹಲ್ಲು ಅವಳಿಗೆ ಅವಳ ಅವ್ವನಿಂದ ಬಂದದ್ದು. ಆ ಅಜ್ಜಿ, ಅವ್ವ ಲಂಗ ಉಡುವ ವಯಸ್ಸಿನಲ್ಲೇ ಹೋಗಿಬಿಟ್ಟಳು. ಅವಳದೊಂದು ಫೋಟೋ ಎಲ್ಲೂ ಇಲ್ಲ. "ಹಲ್ಲ ಕೊಟ್ಟ ಹೋದ್ಲು, ಆಕಿ ಮಾರಿನ ನೆನಪಿಲ್ಲ ನನಗ," ಎಂದು ಅವ್ವ ಎಂದೋ ಒಮ್ಮೆ ರೊಟ್ಟಿ ಬಡಿಯುತ್ತ ಅಂದಿದ್ದಳು.

ಎರಡು ವರ್ಷದ ಕೆಳಗೆ ಒಂದು ಅವಕಾಶ ಬಂದಿತ್ತು. ನನ್ನ ಗಂಡ ತಾನೂ ರೊಟ್ಟಿ ಬಡಿಯುತ್ತೇನೆಂದು ಕುಳಿತು, ಹಿಟ್ಟನ್ನು ನಾದುವ ಕೊಮಣಿಗೆಯಿಂದ ನೇರ ತನ್ನ ಮೊಣಕಾಲಿಗೆ ಅಂಟಿಸಿಕೊಂಡ. ಅವ್ವನ ಎರಡೂ ಕೈ ಹಿಟ್ಟಾಗಿತ್ತು, ಸೆರಗು ಹಿಡಿಯಲಾಗಲಿಲ್ಲ, ಬಾಯಿ ತೆರೆದು ನಕ್ಕಳು. ನಾನು ಆಗಷ್ಟೇ ಮಕ್ಕಳ ಓಟದ ಫೋಟೋಗಳನ್ನು ಒಂದೇ ಸಮ ಹೊಡೆದಿದ್ದೆ. ಕ್ಯಾಮೆರಾ ತಿರುಗಿಸಿ ಬಟನ್ ಒತ್ತಿದರೆ ಕೆಂಪು ದೀಪ. ಹಳೆಯ ಫೋಟೋಗಳನ್ನು ಕಾರ್ಡಿಗೆ ಬರೆಯುತ್ತಿದ್ದೇನೆ, ತಡೆ, ಎಂಬ ಅರ್ಥ. ಊಟದ ಹೊತ್ತಿನಲ್ಲಿ ಕಚೇರಿಗೆ ಹೋದವರಿಗೆ ಗುಮಾಸ್ತರು ತೋರಿಸುವ ಮುಖವನ್ನೇ ನನ್ನ ಕ್ಯಾಮೆರಾ ನನಗೆ ತೋರಿಸಿತು. ದೀಪ ಆರುವಷ್ಟರಲ್ಲಿ ಅವ್ವ ಕೈ ತೊಳೆದುಕೊಂಡು ಸೆರಗು ಸರಿಮಾಡಿಕೊಂಡಿದ್ದಳು.

ಮಾರನೆಯ ವಾರವೇ ಹುಬ್ಬಳ್ಳಿಗೆ ಹೋಗಿ ಒಂದು ವೇಗದ ಕಾರ್ಡು ತಂದೆ. ಅಂಗಡಿಯವನು, "ಕಾರ್ಡ್ ಅಂದ್ರ ಕಾರ್ಡ್ ಅಲ್ಲೇನ್ರಿ ಅಕ್ಕಾರ, ಇಷ್ಟ್ಯಾಕ ನೋಡಾಕತ್ತೀರಿ?" ಎಂದ. ಸಂತೆಯಲ್ಲಿ ಗಡಿಗೆಯನ್ನು ಬಾರಿಸದೆ ಕೊಂಡವಳಲ್ಲ ನಾನು. ಮನೆಗೆ ತಂದು ಕಾರ್ಡು ತುಂಬುವವರೆಗೆ ವಿಡಿಯೋ ತೆಗೆದು, ಮೊದಲಿನಿಂದ ಕೊನೆಯತನಕ ಕೂತು ನೋಡಿದೆ. ಕ್ಯಾಮೆರಾವನ್ನು ಗೋಡೆಗೆ ಎದುರಾಗಿ ಇಟ್ಟಿದ್ದರಿಂದ ಅಷ್ಟು ಹೊತ್ತೂ ಗೋಡೆಯನ್ನೇ ನೋಡಿದೆ. ಸಂಜೆಯ ಧಾರಾವಾಹಿಗಿಂತ ಚೆನ್ನಾಗಿತ್ತು.

ಅಂದಿನಿಂದ ನಾನು ಸುತ್ತಲಿನ ಫೋಟೋಗ್ರಾಫರುಗಳಿಗೆಲ್ಲ ಪುಕ್ಕಟೆ ಗುರುವಾದೆ. ಕೆಂಪು ದೀಪ ಉರಿಯುವಾಗ ಕಾರ್ಡು ಕೀಳಬೇಡಿ. ಖಾಲಿ ಮಾಡುವುದನ್ನು ಕಂಪ್ಯೂಟರಿನಲ್ಲಿ ಮಾಡಬೇಡಿ, ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ. ಅಂಚಿನತನಕ ತುಂಬಬೇಡಿ. ಬೆನ್ನಿನ ಚಿನ್ನದ ಬಣ್ಣದ ಗೆರೆಗಳನ್ನು ಮುಟ್ಟಬೇಡಿ, ಉಫ್ ಎಂದು ಊದಬೇಡಿ, ನಿಮ್ಮ ಗುಟ್ಕಾ ಅದಕ್ಕೆ ಬೇಕಾಗಿಲ್ಲ. ಎಲ್ಲಕ್ಕಿಂತ ಮುಖ್ಯ, ತೆಗೆದ ದಿನವೇ ಎರಡು ಕಡೆ ಕಾಪಿ ಮಾಡಿ ಇಟ್ಟುಕೊಳ್ಳಿ. ಎಲ್ಲರೂ ತಲೆಯಾಡಿಸಿ ಹೋಗುತ್ತಿದ್ದರು, ಒಬ್ಬರೂ ಮಾಡುತ್ತಿರಲಿಲ್ಲ. ಕಾರ್ಡಿಗೆ ಗಟ್ಟಿ ಪ್ಲಾಸ್ಟಿಕ್ಕಿನ ಡಬ್ಬಿ ಇರಬೇಕು ಎಂಬುದೂ ಉಪದೇಶದಲ್ಲಿತ್ತು. ನಾನು ಮಾತ್ರ ಅವ್ವನ ಹಳೆಯ ಎಲೆ ಅಡಿಕೆಯ ಸಂಚಿಯಲ್ಲಿ ಇಡುತ್ತಿದ್ದೆ. ಅದರಲ್ಲಿ ನಾಲ್ಕು ಖಾನೆ ಇವೆ, ಮೆತ್ತಗಿದೆ, ಅವ್ವನ ವಾಸನೆ ಇದೆ. ತುಂಬಿದ ಕಾರ್ಡು ಯಾವುದು, ಖಾಲಿ ಯಾವುದು ಎಂದು ಗೊತ್ತಾಗಲು ತುಂಬಿದ್ದನ್ನು ಸ್ಟುಡಿಯೋದ ಹಳದಿ ಕವರಿನ ತುಂಡಿನಲ್ಲಿ ಪುಟ್ಟ ಪೊಟ್ಟಣ ಕಟ್ಟುತ್ತಿದ್ದೆ. ಬಹಳ ಶಾಣ್ಯಾಕಿ ನಾನು.

ಈ ವರ್ಷ ಅವ್ವನ ಹಲ್ಲುಗಳು ಅಲುಗಾಡತೊಡಗಿದವು. ಸವಣೂರಿನ ಹಲ್ಲಿನ ಡಾಕ್ಟರು ಉಳಿದ ಆರನ್ನೂ ತೆಗೆದು ಸೆಟ್ಟು ಕೂರಿಸೋಣ ಎಂದರು. ಆ ಆರರಲ್ಲಿ ಉಬ್ಬಿನವು ಎರಡೂ ಇದ್ದವು. ಹಲ್ಲು ತೆಗೆಸುವ ಹಿಂದಿನ ದಿನವೇ ಅವ್ವ ನಮ್ಮ ಮನೆಗೆ ಬಂದಳು. ಸಂಜೆ ನನ್ನ ಗಂಡ ಎಲ್ಲಿಂದಲೋ ಒಂದು ಮಾರುದ್ದದ ಕಬ್ಬು ತಂದು ಅವಳ ಮುಂದೆ ಹಿಡಿದ. "ಅತ್ತಿ, ಇವತ್ತೊಂದಿನ ಐತಿ ನೋಡ್ರಿ. ಕಡದಬಿಡ್ರಿ!" ಎಂದ. ಅವ್ವ ಎರಡೂ ಕೈಯಿಂದ ಕಬ್ಬು ಹಿಡಿದು, ನಿಜಕ್ಕೂ ಕಡಿಯಲು ಹೋಗಿ, ಆಗದೆ, ಅಂಗಳಕ್ಕೆಲ್ಲ ಕೇಳುವ ಹಾಗೆ ನಕ್ಕಳು. ಈ ಸಲ ಕ್ಯಾಮೆರಾ ಕೈಯಲ್ಲಿತ್ತು. ವೇಗದ ಕಾರ್ಡು ಒಳಗಿತ್ತು. ಬೆರಳು ಒತ್ತಿಯೇ ಹಿಡಿದೆ, ಒಂಬತ್ತು ಫೋಟೋ ಬಂದವು. ಆರನೆಯದರಲ್ಲಿ ಕಬ್ಬು ಕೆಳಗೆ, ಏಳರಲ್ಲಿ ಸೆರಗು ಮೇಲೆ. ನಾಲ್ಕು ಮತ್ತು ಐದರಲ್ಲಿ ನಗು ಇಡಿಯಾಗಿ ಇತ್ತು. ಕ್ಯಾಮೆರಾದ ಸಣ್ಣ ಪರದೆಯಲ್ಲಿ ಅವನ್ನು ನೋಡಿ ನಾನೊಬ್ಬಳೇ ಅಡುಗೆಮನೆಗೆ ಹೋಗಿ ಅತ್ತೆ. ಅವ್ವನಿಗೆ ತೋರಿಸಲಿಲ್ಲ. ಆಗಲೇ ತೋರಿಸಿದ್ದರೆ ಅಳಿಸು ಎನ್ನುತ್ತಿದ್ದಳು.

ಆಮೇಲೆ ಕಾಪಿ ಮಾಡಿದೆನೇ? ಇಲ್ಲ. ಕರೆಂಟು ಹೋಗಿತ್ತು ಎಂದು ಹೇಳಬಹುದು, ಹೋಗಿದ್ದೂ ಹೌದು, ಆದರೆ ಅರ್ಧ ತಾಸಿಗೆ ಬಂದಿತ್ತು. ನಾಳೆ ಮಾಡಿದರಾಯಿತು ಎಂದುಕೊಂಡು ಅದೇ ಕಾರ್ಡನ್ನು ಮಾರನೆಯ ದಿನ ಹಿರೇಕೆರೂರಿನ ಕುಬಸಕ್ಕೆ ಒಯ್ದೆ. ಗುರುಗಳು ಶಿಷ್ಯರನ್ನು ಬೈದದ್ದೆಲ್ಲ ಸೇರಿ ಒಂದೇ ದಿನದಲ್ಲಿ ಗುರುಗಳಿಗೇ ವಾಪಸು ಬರುವುದಿತ್ತು.

ಕುಬಸ ಎಂದರೆ ಏಳು ತಿಂಗಳ ಬಸುರಿಗೆ ತವರಿನವರು ಹಸಿರು ಸೀರೆ ಉಡಿಸಿ, ಬಳೆ ಇಡಿಸಿ ಉಡಿ ತುಂಬುವ ಕಾರ್ಯ. ಹುಡುಗಿಯ ತವರು ಶಿಗ್ಗಾಂವಿ ಕಡೆಯ ತಡಸ. ಅಲ್ಲಿಂದ ಬಂದ ಹೆಂಗಸರಿಗೆಲ್ಲ ಹುಡುಗಿಯ ದೊಡ್ಡವ್ವನೇ ಮುಖ್ಯಸ್ಥೆ. ಕೆಂಪು ಕುಂಕುಮ, ಗಟ್ಟಿ ಗಂಟಲು. ಆಕೆಯ ಎದುರು ಗಂಡಸರು ಕೂಡ ಚಪ್ಪಲಿ ಬಿಟ್ಟು ಮಾತಾಡುತ್ತಿದ್ದರು. ಉಡಿಯ ಸಾಮಾನುಗಳನ್ನು ಮೊರದಲ್ಲಿ ಜೋಡಿಸುತ್ತ, "ಫೋಟೋದಕ್ಕಾ, ಅಡಿಕಿ ಕಟ್ಟಾಕ ಒಂದ್ ಚೂರ್ ಕಾಗದ ಇದ್ರ ಕೊಡ ನಮ್ಮವ್ವ," ಎಂದಳು. ನಾನು ಬಹಳ ಉದಾರವಾಗಿ ನನ್ನ ಹಳದಿ ಕವರಿನಿಂದಲೇ ಒಂದು ತುಂಡು ಹರಿದು ಕೊಟ್ಟೆ. ಆಕೆ ಐದು ಅಡಿಕೆ ಕಟ್ಟಿ ಮೊರದ ಅಂಚಿಗೆ ಇಟ್ಟಳು.

ಬಳೆ ಇಡಿಸುವುದು ಮುಗಿಯುವಷ್ಟರಲ್ಲಿ ಕಾರ್ಡು ಮುಕ್ಕಾಲು ತುಂಬಿತ್ತು. ಅಂಚಿನತನಕ ತುಂಬಬಾರದಲ್ಲ? ಅದನ್ನು ತೆಗೆದು ಹಳದಿ ಪೊಟ್ಟಣ ಕಟ್ಟಿ, ಇನ್ನೊಂದು ಕಾರ್ಡು ಹಾಕಲು ಎರಡು ಕೈ ಬೇಕೆಂದು ಪೊಟ್ಟಣವನ್ನು ಮೊರದ ಅಂಚಿಗೆ ಇಟ್ಟೆ. ಹಾಕಿದ ಮೇಲೆ ಪೊಟ್ಟಣ ಎತ್ತಿ ಸಂಚಿಗೆ ಸೇರಿಸಿದೆ. ಆಮೇಲೆ ದೊಡ್ಡವ್ವ ಉಡಿ ತುಂಬಿದ್ದನ್ನು ಅಕ್ಕಿ, ಕಾಯಿ, ಎಲೆ, ಉತ್ತತ್ತಿ, ಅರಿಶಿಣದ ಬೇರು, ಖಣ, ಹಳದಿ ಪೊಟ್ಟಣ ಸಮೇತ ಬಹಳ ಚೆನ್ನಾಗಿ ಫೋಟೋ ತೆಗೆದೆ. ಒಂದು ಫೋಟೋ ಆ ಪೊಟ್ಟಣದ ಮೇಲೆಯೇ ಫೋಕಸ್ ಆಗಿತ್ತು ಎಂದು ಆಮೇಲೆ ತಿಳಿಯಿತು.

ಮಧ್ಯಾಹ್ನ ಹಾನಗಲ್ಲಿಗೆ ಬಂದೆ. ಅವ್ವ ಮತ್ತು ನನ್ನ ಗಂಡ ಸವಣೂರಿಗೆ ಹೋಗಿದ್ದರು. "ಆರೂ ತಗದ್ರು. ಬಾಯಾಗ ಅರಳಿ ಇಟ್ಟಾರ, ಮಾತಾಡಾಂಗಿಲ್ಲ," ಎಂದು ಗಂಡನ ಫೋನ್ ಬಂತು. ಅವ್ವ ಬರುವುದರೊಳಗೆ ಅವಳ ನಗುವನ್ನು ದೊಡ್ಡದಾಗಿ ಪ್ರಿಂಟ್ ಹಾಕಿ ಇಡೋಣವೆಂದು ಪೊಟ್ಟಣ ಬಿಚ್ಚಿದೆ. ಒಳಗೆ ಐದು ಅಡಿಕೆ. ಕ್ಯಾಮೆರಾಕ್ಕೂ ಹೋಗುವುದಿಲ್ಲ, ಕಂಪ್ಯೂಟರಿಗೂ ಹೋಗುವುದಿಲ್ಲ, ಬರೆಯುವ ವೇಗ ಸೊನ್ನೆ. ನಗಬೇಕೆನಿಸಿತು, ಸಂಚಿಯನ್ನು ಬೋರಲು ಹಾಕಿ ಕೊಡವಿದೆ. ಕುಬಸ ಹೋದರೆ ಬೈಗುಳ ತಿಂದು ಸುಧಾರಿಸಿಕೊಳ್ಳಬಹುದು. ಅವ್ವನ ಆ ಬಾಯಿ ಮಾತ್ರ ಈಗ ಲೋಕದಲ್ಲೇ ಇರಲಿಲ್ಲ.

ತಡಸದವರ ನಂಬರಿಗೆ ಫೋನ್ ಹಚ್ಚಿದೆ. ದೊಡ್ಡವ್ವನೇ ಎತ್ತಿದಳು.

"ದೊಡ್ಡವ್ವಾರ, ನಿಮ್ಮ ಅಡಿಕಿ ನನ್ನ ಹತ್ರ ಅದಾವ್ರಿ. ನನ್ನ ಕಾರ್ಡ್ ನಿಮ್ಮ ಉಡಿಯಾಗ ಬಂದೈತಿ."

"ಯಾವ ಕಾರ್ಡ? ರೇಷನ್ ಕಾರ್ಡೇನ?"

"ಅಲ್ರಿ, ಫೋಟೋದ್ದು."

"ಫೋಟೋ ಆಮ್ಯಾಲ ಕೊಡವಂತಿ ತಗೋ. ಅವಸರೇನಿಲ್ಲ."

ಅವರ ಕಾರು ಆಗಲೇ ಹಾನಗಲ್ಲು ದಾಟಿ ತಡಸ ಮುಟ್ಟಿತ್ತು. ನನ್ನ ಅಂಗಡಿಯ ಎದುರಿನ ಹೋಟೆಲಿನಲ್ಲೇ ನಿಂತು ಚಹಾ ಕುಡಿದರಂತೆ, ಛಲೋ ಇತ್ತಂತೆ. ಹುಡುಗಿ ತವರಿಗೆ ಬಂದಾಯಿತು, ಉಡಿಯನ್ನು ದೇವರ ಜಗುಲಿಯ ಮುಂದೆ ಇಟ್ಟಾಯಿತು, ನಾಳೆ ಉಡಿಯಕ್ಕಿಯ ಹುಗ್ಗಿ ಎಂದೂ ತಿಳಿಸಿದಳು. ವೇಗದ ಕಾರ್ಡು ನೀರು, ಬಿಸಿಲು, ಎಕ್ಸ್‌ರೇ ಎಲ್ಲವನ್ನೂ ತಡೆಯುತ್ತದೆ ಎಂದು ಪೊಟ್ಟಣದ ಮೇಲೆ ಬರೆದಿದ್ದರು. ಹುಗ್ಗಿಯ ಬಗ್ಗೆ ಏನೂ ಬರೆದಿರಲಿಲ್ಲ. ಅಡಿಕೆ ಪೊಟ್ಟಣ ಹಿಡಿದುಕೊಂಡು ತಡಸದ ಬಸ್ಸು ಹತ್ತಿದೆ. ಕಂಡಕ್ಟರು "ಕಾರ್ಡ ತೋರಸ್ರಿ" ಎಂದಾಗ ಅಳು ಬಂದಂತಾಯಿತು. ಆಧಾರ್ ತೋರಿಸಿದೆ.

ತಡಸದ ಮನೆಯಲ್ಲಿ ಉಡಿಯ ಗಂಟು ಜಗುಲಿಯ ಮುಂದೆ ಹಾಗೆಯೇ ಇತ್ತು. ನಾನು ಬಾಗಿಲಲ್ಲೇ ಅಡಿಕೆ ತೋರಿಸಿದೆ. ದೊಡ್ಡವ್ವನ ಮುಖ ಕಪ್ಪಿಟ್ಟಿತು. ನನ್ನ ಕಾರ್ಡಿನ ಚಿಂತೆ ಅಲ್ಲ ಅದು.

"ಅಡಿಕಿ ಇಲ್ದ ಉಡಿ ತುಂಬೀವೇನ ಹಂಗಾರ! ಚೊಚ್ಚಲ ಬಸರಿಗೆ!"

ಮೊದಲು ಅಡಿಕೆ ಸೇರಿಸುವ ಕಾರ್ಯ ನಡೆಯಿತು. ಹುಡುಗಿಯನ್ನು ಮತ್ತೆ ಮಣೆಯ ಮೇಲೆ ಕೂರಿಸಿ, ಗಂಟು ಬಿಚ್ಚಿ, ಐದು ಅಡಿಕೆ ಹಾಕಿದರು. ಅಕ್ಕಿಯ ನಡುವೆ ನನ್ನ ಹಳದಿ ಪೊಟ್ಟಣ ಕಂಡಿತು. ಕೈ ಚಾಚಿದೆ. ದೊಡ್ಡವ್ವ ನನ್ನ ಮಣಿಕಟ್ಟು ಹಿಡಿದಳು.

"ಉಡಿಯಾಗ ಬಿದ್ದದ್ದು ಆಕಿದು. ಹೊಳ್ಳಿ ತಗೊಳ್ಳಾಕ ಬರಂಗಿಲ್ಲ."

"ದೊಡ್ಡವ್ವಾರ, ತಪ್ಪಿ ಬಿದ್ದೈತ್ರಿ ಅದು."

"ತಪ್ಪಿ ಬೀಳ್ಲಿ, ತಿಳದ ಬೀಳ್ಲಿ. ಹೊಟ್ಟ್ಯಾಗ ಕೂಸೈತಿ. ಆಕಿ ಉಡಿಯಾಗಿಂದ ಕಸಗೊಂಡ ಹೋಗ್ತೀಯೇನು? ಕುಬಸದ ಫೋಟೋ ಹ್ವಾದ್ರ ಹೋಗ್ಲಿ ಬಿಡ. ಮತ್ತ ಸೀರಿ ಉಟ್ಕೊಂಡ ಕುಂದರತಾಳ, ತಗೀವಂತಿ."

ಸೆಕೆಂಡಿಗೆ ಎಷ್ಟು ಎಂಬಿ ಎಂದು ಈಕೆಗೆ ಹೇಳಿ ಪ್ರಯೋಜನವಿರಲಿಲ್ಲ. ಜಗಳಕ್ಕೆಂದು ಬಾಯಿ ತೆರೆದೆ, ಬೇರೆಯೇ ಮಾತು ಬಂತು.

"ಅದರಾಗ ನಮ್ಮವ್ವ ನಕ್ಕಿದ್ದ ಫೋಟೋ ಐತ್ರಿ. ಆಕಿ ಜಲ್ಮದಾಗ ಒಮ್ಮಿನೂ ಬಾಯಿ ತಗದ ನಕ್ಕ ಫೋಟೋ ಇರಲಿಲ್ಲ. ಇವತ್ತ ಸವಣೂರಾಗ ಎಲ್ಲಾ ಹಲ್ಲ ತಗಸ್ಯಾಳ. ಇನ್ನ ಆ ನಗು ಬರಂಗಿಲ್ಲ."

ಬಸುರಿ ಹುಡುಗಿ ಪೊಟ್ಟಣವನ್ನು ಎತ್ತಿ ದೊಡ್ಡವ್ವನ ಮುಖ ನೋಡಿದಳು. ದೊಡ್ಡವ್ವ ನನ್ನ ಮಣಿಕಟ್ಟು ಬಿಟ್ಟಳು.

"ಹೊಳ್ಳಿ ಕೊಡಾಕ ಬರಂಗಿಲ್ಲ," ಎಂದಳು. "ಉಡಿ ತುಂಬಾಕ ಬರತೈತಿ. ಮುತ್ತೈದಿ ಅದಿ ಹೌದಿಲ್ಲೋ? ಕುಂದರ ಮಣಿಮ್ಯಾಲ."

ಹೀಗೆ ನನಗೆ, ಹೈಸ್ಕೂಲಿಗೆ ಹೋಗುವ ಮಗಳಿರುವವಳಿಗೆ, ಏಳು ತಿಂಗಳ ಬಸುರಿಯೊಬ್ಬಳು ಉಡಿ ತುಂಬಿದಳು. ಐದು ಬೊಗಸೆ ಅಕ್ಕಿ, ಕಾಯಿ, ಎಲೆ, ಅಡಿಕೆ, ಒಂದು ಮೆಮೊರಿ ಕಾರ್ಡು. ನಾಲ್ಕು ಜನ ಸೋಬಾನ ಹಾಡಿದರು. ಹುಬ್ಬಳ್ಳಿಯ ಅಂಗಡಿಯವನು ವಾರಂಟಿ ಮಾತ್ರ ಕೊಟ್ಟಿದ್ದ, ಇವರು ಕಾಯಿಯನ್ನೂ ಕೊಟ್ಟರು. ನಾನು ಸೆರಗಿನ ಗಂಟಿಗೆ ಕೈ ಹಾಕುವುದನ್ನು ಕಂಡು ದೊಡ್ಡವ್ವ ಎಚ್ಚರಿಸಿದಳು: "ಮನಿ ಮುಟ್ಟೂಮಟ ಬಿಚ್ಚಬ್ಯಾಡ ಮತ್ತ. ನಿಮ್ಮ ದೇವರ ಮುಂದ ಬಿಚ್ಚು."

ಬಿಚ್ಚಲಿಲ್ಲ. ಕಾರ್ಡು ಒದ್ದೆ ಎಲೆಗೆ ತಾಗಿದೆಯೋ, ಅರಿಶಿಣ ಮೆತ್ತಿದೆಯೋ, ಮುರಿದಿದೆಯೋ, ಏನೂ ಗೊತ್ತಿಲ್ಲದೆ ಬಸ್ಸಿನಲ್ಲಿ ಮಡಿಲು ಹಿಡಿದುಕೊಂಡು ಕುಳಿತೆ. ಪಕ್ಕದ ಹೆಂಗಸು ನನ್ನ ಹೊಟ್ಟೆ ನೋಡಿ, "ಎಷ್ಟರಾಗ ನಡದೈತ್ರಿ?" ಎಂದು ಕೇಳಿದಳು. "ಅರವತ್ತನಾಕ ಜಿಬಿ" ಎಂದೆ. ಅವಳು ಎದ್ದು ಬೇರೆ ಸೀಟಿಗೆ ಹೋದಳು.

ಮನೆಗೆ ಬಂದಾಗ ಅವ್ವ ಚಾಪೆಯ ಮೇಲೆ ಗೋಡೆಗೊರಗಿ ಕುಳಿತಿದ್ದಳು. ತುಟಿ ಒಳಗೆ ಹೋಗಿ ಮುಖ ಅರ್ಧವಾಗಿತ್ತು. ನನ್ನನ್ನು ಕಂಡು ಸೆರಗು ಬಾಯಿಗೆ ಒತ್ತಿಕೊಂಡಳು. ನೋಡಿ ಸಂಕಟವಾಯಿತು. ಹಲ್ಲು ಹೋದರೂ ಸೆರಗು ಹೋಗಿರಲಿಲ್ಲ.

ದೇವರ ಮುಂದೆ ಉಡಿ ಬಿಚ್ಚಿದೆ. ಪೊಟ್ಟಣದ ಕಾಗದ ಒದ್ದೆಯಾಗಿ ಕುಂಕುಮ ಹತ್ತಿತ್ತು. ಕಾರ್ಡಿನ ಪಕ್ಕದ ಸಣ್ಣ ಗುಬುಟು ಅಕ್ಕಿಯ ಒತ್ತಡಕ್ಕೆ ಸರಿದು ಲಾಕ್ ಆಗಿತ್ತು, ಅಂದರೆ ಒಳಗಿದ್ದದ್ದನ್ನು ಯಾರೂ ಅಳಿಸದ ಹಾಗೆ ಉಡಿಯೇ ಕೀಲಿ ಹಾಕಿ ಕಳಿಸಿತ್ತು. ಒಣ ಬಟ್ಟೆಯಿಂದ ಒರೆಸಿ, ಫ್ಯಾನಿನ ಕೆಳಗೆ ಅರ್ಧ ತಾಸು ಇಟ್ಟೆ. ಉಫ್ ಎಂದು ಊದಬಾರದೆಂದು ಲೋಕಕ್ಕೆಲ್ಲ ಹೇಳಿದವಳು ಮೂರು ಸಲ ಊದಿದೆ. ಕಂಪ್ಯೂಟರಿಗೆ ಹಾಕಿದೆ. ಸ್ವಲ್ಪ ಹೊತ್ತು ಏನೂ ಬರಲಿಲ್ಲ. ಆಮೇಲೆ ಬಂತು. ಒಂಬತ್ತೂ ಇದ್ದವು. ಈ ಸಲ ಮೊದಲು ಎರಡು ಕಡೆ ಕಾಪಿ ಮಾಡಿಕೊಂಡೆ, ಕ್ಯಾಮೆರಾದಲ್ಲಿದ್ದ ಕುಬಸದ ಎರಡನೆಯ ಕಾರ್ಡನ್ನೂ ತೆಗೆದು ಕಂಪ್ಯೂಟರಿಗೆ ಹಾಕಿದೆ. ಆಮೇಲೆ ನಾಲ್ಕನೆಯದನ್ನು ಪರದೆಯ ತುಂಬ ಮಾಡಿ ಅವ್ವನನ್ನು ಕರೆದೆ.

ಅಳಿಸು ಎನ್ನುತ್ತಾಳೆ ಎಂದು ಜಗಳಕ್ಕೆ ತಯಾರಾಗಿಯೇ ಇದ್ದೆ. ಅವಳು ಬಂದು ನಿಂತಳು. ಬಹಳ ಹೊತ್ತು ನೋಡಿದಳು. ಆಮೇಲೆ ಬಾಯಿಯಿಂದ ಅರಳೆ ತೆಗೆದು ಕೈಯಲ್ಲಿ ಹಿಡಿದುಕೊಂಡು, "ಯವ್ವಾ," ಎಂದಳು.

ನಮ್ಮ ಕಡೆ ತಾಯಂದಿರು ಮಗಳನ್ನೂ ಹಾಗೆಯೇ ಕರೆಯುತ್ತಾರೆ. "ಏನವ್ವಾ? ನೋಯಾಕತ್ತೈತೇನು?" ಎಂದೆ.

ಅವ್ವ ತಲೆ ಅಲ್ಲಾಡಿಸಿದಳು. ಯಾರೂ ಮುಟ್ಟಬಾರದೆಂದು ನಾನು ಕಾಪಾಡಿಕೊಂಡು ಬಂದಿರುವ ಪರದೆಯ ಮೇಲೆ ಬೆರಳಿಟ್ಟು ಆ ಎರಡು ಹಲ್ಲುಗಳನ್ನು ಮುಟ್ಟಿದಳು.

"ನಿನಗಲ್ಲ. ಇಕಿ ನಮ್ಮವ್ವ. ಹಿಂಗ ಇದ್ಲು ನೋಡ ಮಾರಿ. ಹಿಂಗ ನಗತಿದ್ಲು."

ಹಾಗೆ ಹೇಳಿ ಅವಳೂ ನ‌ಕ್ಕಳು. ಕಣ್ಣಲ್ಲಿ ನೀರು, ಬಾಯಲ್ಲಿ ಒಂದೂ ಹಲ್ಲಿಲ್ಲ, ಸೆರಗು ಎಲ್ಲೋ ಹೆಗಲ ಹಿಂದೆ. ಅಂಗಳಕ್ಕೆಲ್ಲ ಕೇಳುವ ಹಾಗೆ ನಕ್ಕಳು. ನಾನು ಕ್ಯಾಮೆರಾ ಎತ್ತಿ ಬಟನ್ ಒತ್ತಿದೆ. ಕಾರ್ಡು ಕಂಪ್ಯೂಟರಿನಲ್ಲಿತ್ತು.